ಸುಧಾಳಿಗೆ ಹೇಳಿದ್ದು

ಜುಲೈ ೧೪, ೨೦೨೫, ಸೋಮವಾರ. ಹುನಗುಂದ.

ಮೂರು ವಾರದಿಂದ ಹೇಳಲು ಮುಂದೂಡುತ್ತಿದ್ದ ಮಾತನ್ನು ಇಂದು ಮಗಳಿಗೆ ಹೇಳಿಬಿಟ್ಟೆ. ಪಿಯು ಕಾಲೇಜು ಸೇರಲು ನಾಳೆ ಸುಧಾ ಬಾಗಲಕೋಟೆಯ ಹಾಸ್ಟೆಲಿಗೆ ಹೋಗುತ್ತಾಳೆ. ಅಜ್ಜ, ಅಂದರೆ ನನ್ನಪ್ಪ, ಎದೆನೋವಿನಿಂದ ಸತ್ತನೆಂದೇ ಅವಳು ನಂಬಿದ್ದಳು.

ಮಧ್ಯಾಹ್ನ ಇಬ್ಬರೂ ಅವಳ ಬಟ್ಟೆ ಮಡಚುತ್ತಿದ್ದೆವು. "ಸುಧವ್ವಾ, ನಿಮ್ಮಜ್ಜ ಕುಡದು ಕುಡದು ಸತ್ತ. ನನಗೂ ಆ ಚಟ ಇತ್ತು. ನೀ ಹುಟ್ಟಿದ ವರ್ಷ ಬಿಟ್ಟೆ," ಎಂದೆ.

ದುಪಟ್ಟಾ ಅವಳ ಕೈಯಲ್ಲೇ ಉಳಿಯಿತು. "ಹಂಗಾರ ನನಗೂ ಬರತೈತೇನು ಯಪ್ಪಾ?"

ನನ್ನ ಕುಡಿತ ಬಿಡಿಸಿದ ಡಾಕ್ಟರು ಅಂದು ಹೇಳಿದ್ದನ್ನೇ ಹೇಳಿದೆ. ವಂಶವಾಹಿಯಲ್ಲಿ ಬರುವುದು ಚಟವಲ್ಲ, ಚಟಕ್ಕೆ ಬೇಗ ಬೀಳುವ ಗುಣ. ಅದೂ ಎಲ್ಲರಿಗೂ ಬರುವುದಿಲ್ಲ. ಎಳವೆಯ ಹೆದರಿಕೆ, ಪೆಟ್ಟುಗಳೂ ಆ ವಂಶವಾಹಿಗಳು ಕೆಲಸ ಮಾಡುವ ರೀತಿಯನ್ನು ಬದಲಿಸಬಲ್ಲವಂತೆ. ಅಪ್ಪನ ಹೆಜ್ಜೆ ಸಪ್ಪಳ ಕೇಳಿದರೆ ಜೋಳದ ಚೀಲಗಳ ಹಿಂದೆ ಅಡಗುತ್ತಿದ್ದವನು ನಾನು. ಸುಧಾ ಎಂದೂ ಹಾಗೆ ಅಡಗಲಿಲ್ಲ. ಅಷ್ಟು ಸಮಾಧಾನ.

"ಹೆದರಬ್ಯಾಡವ್ವಾ. ಆದ್ರ ಗೆಳತ್ಯಾರು ಕೊಟ್ರೂ ಮೊದಲನೇ ಗುಟುಕು ಬ್ಯಾಡ ಅನ್ನು," ಎಂದೆ.

ದುಪಟ್ಟಾ ಮಡಚಿಟ್ಟು ಕೇಳಿದಳು, "ನಿನಗ ಈಗೂ ಕುಡೀಬೇಕ ಅನಸ್ತೈತೇನು?"

ಇದನ್ನು ಅವಳ ತಾಯಿ ಕೇಳಿದಾಗಲೆಲ್ಲ ಇಲ್ಲ ಎಂದೇ ಹೇಳಿದ್ದೇನೆ. ಇಂದು, "ಒಮ್ಮೊಮ್ಮೆ," ಎಂದೆ.

ಸುಧಾ ಪಕ್ಕಕ್ಕೆ ಬಂದು ಕೂತು ನನ್ನ ಕೈ ಹಿಡಿದಳು. "ಅನಿಸಿದ ದಿನ ನನಗ ಫೋನ್ ಮಾಡು. ನನಗ ಅನಿಸಿದ್ರ ನಾ ನಿನಗ ಮಾಡ್ತೇನಿ."

ಹದಿನಾರು ವರ್ಷ ಈ ಆಸೆಯ ಜೊತೆ ಒಬ್ಬನೇ ಇದ್ದೆ. ಮಗಳಿಗೆ ಗೊತ್ತಾದದ್ದಕ್ಕೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಎದೆ ಹಗುರವಾಗಿದೆ; ಅನಿಸಿದ ದಿನ ಫೋನ್ ಮಾಡಲು ಈಗ ಒಬ್ಬಳಿದ್ದಾಳೆ.