ಕೆರೆಯಂಗಳಕ್ಕೆ ಓಡಿ ಎಂದರು

೧೧ ಫೆಬ್ರವರಿ ೨೦೨೫, ಮಂಗಳವಾರ

ಕೆರೆಯಂಗಳದಲ್ಲಿ ಸೇರಬೇಕಂತೆ! ಕಾರ್ಖಾನೆಗಳ ಇಂಗಾಲದ ಡೈಆಕ್ಸೈಡನ್ನು ತಂದು ನಮ್ಮೂರ ನೆಲದಡಿ ತುಂಬಿಡಲು ಹೊರಟಿರುವ ಕಂಪನಿಯವರು ಇವತ್ತು ಅಣಕು ತಾಲೀಮು ನಡೆಸಿದರು. ಅನಿಲ ಸೋರಿ ಸೈರನ್ ಕೂಗಿದರೆ ಊರೆಲ್ಲ ಒಣಗಿದ ಕೆರೆಗೆ ಇಳಿಯಬೇಕು. ಆ ಅನಿಲ ಗಾಳಿಗಿಂತ ಭಾರ, ತಗ್ಗಿನಲ್ಲೇ ನಿಲ್ಲುತ್ತದೆ ಎಂದು ಅವರದೇ ಪುಸ್ತಿಕೆ ಹೇಳುತ್ತದೆ. ಓದಿದವರು ಯಾರು?

ಪಕ್ಕದ ಮನೆಯ ಹೊಂಬಾಳಮ್ಮ ಏರಿಯ ಮೇಲೇ ನಿಂತುಬಿಟ್ಟರು. "ನಾನಿಳಿಯಾಕಿಲ್ಲ ಕಣಪ್ಪ. ಬಾವಿಗಿಳಿಯೋಕ್ ಮುಂಚೆ ದೀಪ ಬಿಟ್ಟು ಕೆಟ್ಟ ಗಾಳಿ ಐತಾ ಅಂತ ನೋಡೋ ಜನ ನಾವು."

"ಮತ್ತೆಲ್ಲಿಗೆ ಹೋಗ್ತೀರಜ್ಜಿ?" ಕಂಪನಿಯ ಅಧಿಕಾರಿ ನಕ್ಕ.

"ಕೊಬ್ಬರಿ ಅಟ್ಟಕ್ಕೆ. ನೀನೂ ಬಾ, ಕಾಯಿ ಸರಿಸಿ ಜಾಗ ಮಾಡ್ತೀನಿ."

ಗುಡ್ಡದ ಮೇಲೆ ಸೇರಿಸಿ ಎಂದು ನಾನು ವಾದಿಸಿದೆ. ನಕ್ಷೆ ಮಂಜೂರಾಗಿದೆಯಂತೆ.

ಅರವತ್ತೆಂಟನೇ ಇಸವಿಯಲ್ಲಿ, ದೀಪ ಆರಿದ್ದನ್ನು ಕಂಡೂ ಬಾವಿಗಿಳಿದ ಹುಚ್ಚಣ್ಣ ಚಿಕ್ಕಪ್ಪ ಕೂಗಲಿಲ್ಲ, ಒದ್ದಾಡಲಿಲ್ಲ. ಗೋಡೆಗೊರಗಿ ನಿದ್ದೆಹೋದವನಂತೆ ಕೂತಲ್ಲೇ ಸತ್ತಿದ್ದ. ಈಗ ಕಣ್ಣು ಮುಚ್ಚಿದರೆ ಕಾಣುತ್ತದೆ: ಆ ಅನಿಲ ಬಣ್ಣವಿಲ್ಲದ ನೀರಿನಂತೆ ತೋಟಗಳ ನಡುವೆ ಸದ್ದಿಲ್ಲದೆ ಹರಿದುಬರುತ್ತಿದೆ. ತೆಂಗಿನ ಬುಡಗಳು ಮುಳುಗುತ್ತಿವೆ, ಕರುವಿನ ಮೊಣಕಾಲು ಮುಳುಗುತ್ತಿದೆ. ಎಲ್ಲವೂ ಕೆರೆಯ ಕಡೆಗೆ. ಅಲ್ಲಿ ಸಾಲಾಗಿ ಕೂತ ಮಕ್ಕಳು ತೂಕಡಿಸುತ್ತಿದ್ದಾರೆ. ಮೇಷ್ಟ್ರು ಹಾಜರಿ ಕೂಗುತ್ತಲೇ ಇದ್ದಾರೆ.

ಇವತ್ತು ಎಲ್ಲರಿಗಿಂತ ಮೊದಲು ಕೆರೆ ಮುಟ್ಟಿದ್ದು ನಮ್ಮ ಮೊಮ್ಮಗಳು ಕೃತಿಕಾ. ಕಂಪನಿಯವರು ಚಪ್ಪಾಳೆ ತಟ್ಟಿ ಪೆನ್ಸಿಲ್ ಡಬ್ಬಿ ಕೊಟ್ಟರು. ಅದನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ್ದಾಳೆ. ಬೆಳಿಗ್ಗೆ ಹೇಳಬೇಕು: ಸೈರನ್ ಕೂಗಿದರೆ ಮೇಷ್ಟ್ರ ಮಾತು ಕೇಳಬೇಡ ಮಗಳೇ, ಗುಡ್ಡ ಹತ್ತು ಎಂದು. ಏಳು ವರ್ಷದ ಮಗುವಿಗೆ, ಅಷ್ಟು ಚೆನ್ನಾಗಿ ಹೇಳಿದ ಮಾತು ಕೇಳುವ ಮಗುವಿಗೆ, ಇದನ್ನು ಹೇಗೆ ಹೇಳಲಿ?