ಏನೂ ಮಾಡದವರ ಪಟ್ಟಿ

ಲಾಹೋರ್, ಮಾರ್ಚ್ ೯

ದಕ್ಷಿಣ ಏಷ್ಯಾ ಮಾನವ ಅಭಿವೃದ್ಧಿ ಕೇಂದ್ರದ ಅಧ್ಯಕ್ಷರಾದ ವಕಾರ್ ಸಾಹೇಬರಿಗೆ ಸಲಾಂ.

ಹೆಂಗಸರ ದುಡಿಮೆಯ ವರದಿ ಅಚ್ಚಿಗೆ ಹೋಯಿತೇ ಎಂದು ನಿನ್ನೆ ಮೂರು ಸಲ ಫೋನ್ ಮಾಡಿಸಿದಿರಿ. ಹೋಗಿಲ್ಲ. ನಾನೇ ತಡೆದಿದ್ದೇನೆ.

ಸಿಯಾಲ್‌ಕೋಟ್ ಪಕ್ಕದ ಹಳ್ಳಿಗೆ ನಮ್ಮ ಸಮೀಕ್ಷೆಯವನು ಹೋದಾಗ ನಸೀಮ್ ಬೀಬಿ ಎಂಬಾಕೆ ಮಂಡಿಗಳ ನಡುವೆ ಫುಟ್‌ಬಾಲ್ ಸಿಕ್ಕಿಸಿಕೊಂಡು ಹೊಲಿಯುತ್ತಿದ್ದಳು. ಏನು ಕೆಲಸ ಮಾಡುತ್ತೀ ಎಂದು ಕೇಳಿದರೆ, "ಏನಿಲ್ಲ ಭಾಯಿ, ಮನೇಲೇ ಇರ್ತೀನಿ" ಅಂದಳಂತೆ. ಈ ಮಹಾಶಯ ಅವಳು ಕೊಟ್ಟ ಚಹಾ ಕುಡಿದು, "ಕೆಲಸವಿಲ್ಲ" ಎಂದು ಬರೆದುಕೊಂಡು ಬಂದಿದ್ದಾನೆ. ಅಂಥ ಹಾಳೆಗಳು ಆರುನೂರಿವೆ. ವರದಿಯ ಮುಖಪುಟದಲ್ಲಿ ಮಾತ್ರ "ಜನರೇ ಮೊದಲು" ಎಂದು ದಪ್ಪಕ್ಷರ.

ಹಳ್ಳಿ ಹೆಂಗಸರಿಗೆ ಹೇಳಲು ಬಾರದಿದ್ದರೆ ವರದಿ ಯಾಕೆ ನಿಲ್ಲಬೇಕು ಎಂದು ನೀವು ಕೇಳಬಹುದು. ಲಾಹೋರಿನ ನಮ್ಮ ಬೀದಿಯ ಹಾಳೆಯನ್ನೂ ಇದರೊಡನೆ ಇಟ್ಟಿದ್ದೇನೆ, ದಯವಿಟ್ಟು ನೋಡಿ. ಸಮೀಕ್ಷೆಯವನು ಬಂದ ದಿನ ನಮ್ಮ ಮನೆಯ ಬಾಗಿಲು ತೆರೆದವರು ನನ್ನ ಮಾವ. ಸೊಸೆ ಏನು ಮಾಡುತ್ತಾರೆ ಎಂದಿದ್ದಕ್ಕೆ ಅವರು, "ಏನ್ ಮಾಡ್ತಾಳೆ, ಬೆಳಿಗ್ಗೆ ಹೋಗ್ತಾಳೆ, ಸಂಜೆ ಬರ್ತಾಳೆ" ಅಂದಿದ್ದಾರೆ. ಅದನ್ನು ಬರೆದುಕೊಂಡವನ ನೇಮಕದ ಪತ್ರಕ್ಕೆ ಸಹಿ ಹಾಕಿದವಳು ನಾನೇ.

ನನಗೆ ಎರಡು ವಾರ ಮತ್ತು ಒಂದು ಜೀಪು ಬೇಕು. ಈ ಸಲ "ಏನು ಕೆಲಸ" ಎಂದು ಕೇಳಿಸುವುದಿಲ್ಲ, "ನಿನ್ನೆ ಎದ್ದಾಗಿನಿಂದ ಏನೇನು ಮಾಡಿದೆ" ಎಂದು ಕೇಳಿಸುತ್ತೇನೆ. ಅದೂ ಬಾಗಿಲು ತೆರೆದವರನ್ನಲ್ಲ, ಆ ಮನೆಯ ಹೆಂಗಸನ್ನೇ. ವರದಿಯ ಬಿಡುಗಡೆಗೆಂದು ಗೊತ್ತುಮಾಡಿದ ಹೋಟೆಲಿನ ಸಭಾಂಗಣ, ಮುಖ್ಯ ಅತಿಥಿಯ ಸೋಫಾ ಅಲ್ಲಿಯವರೆಗೆ ಕಾಯಲಿ.

ಇಂತಿ,
ತಲತ್ ಗರ್ದೇಜಿ
ಕೇಂದ್ರದ ನಿರ್ದೇಶಕಿ
(ನಮ್ಮದೇ ವರದಿಯ ಪ್ರಕಾರ, ಕೆಲಸವಿಲ್ಲ)