ಬಾಯಿಬೀಗದ ವಾಲಿಬಾಲ್

ಎಚ್ಕಿ-ಬುಲಾಕ್, ನಾರಿನ್ ಪ್ರಾಂತ
ಮಾರ್ಚ್ 11, 1983

ಪ್ರೀತಿಯ ಎಸೆನಣ್ಣಾ,

ನಿನ್ನ ಮೂಗು ಸ್ವಸ್ಥಾನದಲ್ಲಿದೆಯೇ? ಸೈಬೀರಿಯದಲ್ಲಿ ರೈಲುಹಳಿ ಹಾಕುವವರ ಮೂಗು ಚಳಿಗೆ ಕಳಚಿ ಬೀಳುತ್ತದೆಂದು ಅಂಚೆಯವನು ಅಮ್ಮನ ಮುಂದೆ ಊದಿಬಿಟ್ಟಿದ್ದಾನೆ. ಅಂದಿನಿಂದ ಅವಳು ಒಂಟೆಯ ಉಣ್ಣೆಯಲ್ಲಿ ಏನನ್ನೋ ಹೆಣೆಯುತ್ತಿದ್ದಾಳೆ. ಕಾಲುಚೀಲವೆಂದು ಅವಳ ವಾದ, ಮೂಗುಚೀಲವೆಂದು ನನ್ನ ಅನುಮಾನ. ಕೈಗೆ ಬಂದಾಗ ಎಲ್ಲಿ ಹೊಂದುತ್ತದೋ ಅಲ್ಲಿ ತೊಟ್ಟುಕೋ. ಅಪ್ಪನ ಸೊಂಟನೋವು ವಾಸಿ. ಕುರಿ ಈಯುವ ಕಾಲವಾದ್ದರಿಂದ ದೊಡ್ಡಿಯಲ್ಲೇ ಮಲಗುತ್ತಾರೆ, ನನ್ನ ಗಲಾಟೆಗಿಂತ ಮರಿಗಳ ಗಲಾಟೆ ವಾಸಿಯಂತೆ. ದೊಡ್ಡಪ್ಪನ ಕಿವಿ ಇನ್ನಷ್ಟು ಮಂದವಾಗಿದೆ. 'ಚಹಾ ಬೇಕಾ ದೊಡ್ಡಪ್ಪಾ' ಎಂದರೆ 'ಪಾಪ, ಯಾವಾಗ ಹೋದ?' ಎಂದು ಟೋಪಿ ತೆಗೆಯುತ್ತಾರೆ.

ನಿನ್ನ ಕಾಗದ ತಲುಪಿತು. ಇನ್ನೂ ಮೂರು ವರ್ಷ ಅಲ್ಲೇ ಇರಲು ತಿಂಗಳ ಕೊನೆಗೆ ಸಹಿ ಹಾಕುತ್ತೇನೆಂದು ಬರೆದಿದ್ದೀಯ. ಅಮ್ಮ ಅದನ್ನು ಕೇಳಿ, ಹಸುವಿಗೆ ಹುಲ್ಲು ಹಾಕಿ ಬರುತ್ತೇನೆಂದು ಹೋಗಿ ಬಹಳ ಹೊತ್ತು ಹುಲ್ಲು ಹಾಕಿದಳು. ನನಗೊಬ್ಬಳಿಗೇ ಎಂದು ಬೇರೆ ಹಾಳೆಯಲ್ಲಿ ಬರೆದದ್ದನ್ನೂ ಓದಿದೆ: 'ನಿನ್ನ ಅತ್ತಿಗೆಗೆ ನಾನು ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಹೊರಟ ದಿನ ಅವಳ ಬಾಯಿಂದ ಒಂದು ಬೆಚ್ಚನೆ ಮಾತು ಬರ್ಲಿಲ್ಲ.' ಗಂಡಹೆಂಡಿರ ವಿಚಾರದಲ್ಲಿ ಬಾಯಿ ಹಾಕುವಷ್ಟು ದೊಡ್ಡವಳು ನಾನಲ್ಲ. ಆದುದರಿಂದ ಈ ಕಾಗದದಲ್ಲಿ ಕ್ರೀಡಾ ವರದಿ ಮಾತ್ರ ಇರುತ್ತದೆ. ಮಾನ್ಯ ಅಣ್ಣನವರು ಟೋಪಿ ತೆಗೆದು ನಿಂತು ಓದತಕ್ಕದ್ದು.

ನಮ್ಮ ಕೋಲ್ಖೋಜಿನ, ಈ ಸಾಮೂಹಿಕ ಬೇಸಾಯದ, ಹೆಂಗಸರ ವಾಲಿಬಾಲ್ ತಂಡಕ್ಕೆ ಈ ಚಳಿಗಾಲ ಬುರುಲ್ ಅತ್ತಿಗೆಯನ್ನೂ ಸೇರಿಸಿಕೊಂಡೆವು. ನಿನ್ನ ಹೆಂಡತಿ ಎಂದು ಹೊಗಳುವುದಲ್ಲ, ಅವಳ ಬೆರಳಿಗೆ ಬಂದ ಚೆಂಡು ಹಾಲು ಕುಡಿದ ಮರಿಯ ಹಾಗೆ ಹೇಳಿದ ಕಡೆ ಹೋಗಿ ನಿಲ್ಲುತ್ತದೆ. ಆದರೂ ಡಿಸೆಂಬರಿನಲ್ಲಿ ಜಿಲ್ಲಾ ಪಟ್ಟಣದ ಡೈರಿಯವರ ಕೈಲಿ ಹೀನಾಯವಾಗಿ ಸೋತೆವು. ಚೆಂಡು ಇಬ್ಬರ ನಡುವೆ ಬರುವುದು, ಅತ್ತಿಗೆ ತುಟಿ ಬಿಗಿದು ನಿಲ್ಲುವುದು, ಇನ್ನೊಬ್ಬಳು ಇವಳೇ ತೆಗೆಯುತ್ತಾಳೆಂದು ನಿಲ್ಲುವುದು, ಚೆಂಡು ಇಬ್ಬರಿಗೂ ನಮಸ್ಕಾರ ಮಾಡಿ ನೆಲಕ್ಕೆ ಬೀಳುವುದು. ಹಾಲು ಕರೆಯುವ ಕುಮುಷ್, ಅದೇ ಆ ಎತ್ತರದವಳು, ನನ್ನನ್ನು ಬದಿಗೆ ಕರೆದು, 'ನಿಮ್ಮತ್ತಿಗೆ ಬಾಯ್ಬಿಟ್ರೆ ಮುತ್ತು ಉದುರಿಹೋಗುತ್ತೇನೇ? ಗಂಡ ರಷ್ಯದಲ್ಲಿದ್ದಾನೆ ಅಂತ ಇಷ್ಟು ಜಂಬಾನಾ?' ಎಂದಳು. ನನಗೂ ಹಾಗೇ ಅನ್ನಿಸಿತ್ತು ಎಂದು ಇಲ್ಲಿ ದಾಖಲಿಸುತ್ತೇನೆ.

ಕೋಲ್ಖೋಜಿನ ಅಧ್ಯಕ್ಷರು ಸುಮ್ಮನಿರಲಿಲ್ಲ. ರಾಜಧಾನಿ ಫ್ರುಂಜೆಯಿಂದ ಆಟಗಾರರ ಮನಸ್ಸು ರಿಪೇರಿ ಮಾಡುವ ಒಬ್ಬ ತಜ್ಞರನ್ನು ಕರೆಸಿದರು. ಹೆಸರು ಎಮಿಲ್ ಅಸಾನೋವಿಚ್, ದಪ್ಪ ಕನ್ನಡಕ, ತೆಳು ಬೂಟು. ಉಣ್ಣೆಯ ಕೊಟ್ಟಿಗೆಯಲ್ಲಿ ಮೂಟೆಗಳ ಮೇಲೆ ನಮ್ಮನ್ನು ಅಂಗಾತ ಮಲಗಿಸಿ, 'ನನ್ನ ಬಲಗೈ ಭಾರವಾಗುತ್ತಿದೆ, ಬೆಚ್ಚಗಾಗುತ್ತಿದೆ' ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಲು ಕಲಿಸಿದರು. ಹೀಗೆ ಮಾಡಿದರೆ ಆಟದ ಹೊತ್ತಿಗೆ ನಡುಕ ಬರುವುದಿಲ್ಲವಂತೆ. ವಿಜ್ಞಾನಕ್ಕೆ ನೆರವಾಗಲೆಂದು ನಾನು ಕುಮುಷಳ ಬಲಗೈ ಮೇಲೆ ಆಗತಾನೆ ಹುಟ್ಟಿದ ಕುರಿಮರಿಯೊಂದನ್ನು ಇಟ್ಟೆ. ಅವಳು ಕಣ್ಣು ಮುಚ್ಚಿಕೊಂಡೇ, 'ಹೌದು ಸಾರ್, ಭಾರ ಆಗ್ತಿದೆ. ಬೆಚ್ಚಗೂ ಆಗ್ತಿದೆ,' ಎಂದಳು. ಸ್ವಲ್ಪ ಹೊತ್ತಿಗೆ, 'ಒದ್ದೆನೂ ಆಗ್ಬೇಕಾ ಸಾರ್?' ಎಂದಳು. ನನ್ನನ್ನು ಆ ದಿನ ಹೊರಗೆ ಹಾಕಿದರು. ಆದರೆ ಅತ್ತಿಗೆ ಮಾತ್ರ ಆ ಪಾಠವನ್ನು ಶ್ರದ್ಧೆಯಿಂದ ಕಲಿತಳು. ಸರ್ವಿಸ್ ಹೊಡೆಯುವ ಮುನ್ನ ಕಣ್ಣನ್ನು ಒಂದೇ ಕಡೆ ನೆಟ್ಟು ಉದ್ದಕ್ಕೆ ಉಸಿರು ಬಿಡುತ್ತಾಳೆ, ಆಮೇಲೆ ಚೆಂಡು ಎದುರಿನವರ ಮೊಣಕಾಲಿನ ಹತ್ತಿರ ಹಾವಿನ ಹಾಗೆ ಹೋಗುತ್ತದೆ. ಹಾಗಾಗಿ ನಾನು ಎಮಿಲ್ ಅಸಾನೋವಿಚ್ ಅವರನ್ನು ನೋಡಿ ಅರ್ಧ ನಗುತ್ತೇನೆ, ಅರ್ಧ ನಂಬುತ್ತೇನೆ. ಬಾಯಿ ಮಾತ್ರ ಅವರಿಗೂ ಬಿಡಿಸಲು ಬರಲಿಲ್ಲ. 'ಕೂಗಿ ಬುರುಲ್, ಕೂಗಿ, ತಂಡ ಅಂದ್ರೆ ಮೊದಲು ಮಾತು,' ಎಂದು ಅವರು ಗೋಗರೆದರೆ ಅತ್ತಿಗೆ ತಲೆ ತಗ್ಗಿಸಿ ತೆಳು ಬೂಟನ್ನೇ ನೋಡುತ್ತಿದ್ದಳು. ಇನ್ನೊಂದು ವಾರ ನೋಡಿ ಅವಳನ್ನು ತಂಡದಿಂದ ಬಿಡುವುದೆಂದು ಅಧ್ಯಕ್ಷರು ತೀರ್ಮಾನಿಸಿದರು.

ಆಗ ನಾನು ನನ್ನದೇ ಚಿಕಿತ್ಸೆ ಶುರುಮಾಡಿದೆ. ನಿನ್ನ ಹೊಸವರ್ಷದ ಕಾಗದವನ್ನು ಅವಳು ಬಾಗಿಲ ಬಳಿ ನಿಂತು ಮತ್ತೊಮ್ಮೆ ಓದುತ್ತಿದ್ದಳು. (ಮತ್ತೊಮ್ಮೆ ಎಂದರೆ ಎಷ್ಟನೆಯದೋ, ನಾನು ಎಣಿಸುವುದನ್ನು ಬಿಟ್ಟಿದ್ದೇನೆ.) ಕಿತ್ತುಕೊಂಡು ಓಡಿದೆ. ಬೆರಣಿಯ ಒಟ್ಟಿಲು ಸುತ್ತಿ, ಹಸುವಿನ ಹೊಟ್ಟೆಯ ಕೆಳಗೆ ನುಗ್ಗಿ ಓಡಿದೆ. ಯಾರಾದರೂ 'ನಿಲ್ಲು, ಕೊಡು' ಎನ್ನಬೇಕು ತಾನೆ? ಇವಳು ಹಿಂದೆ ಅಟ್ಟಿಕೊಂಡು ಬರುತ್ತಾ ಕೂಗುತ್ತಾಳೆ: 'ಅದು ನನ್ನ ಕೈಗೆ ಬರ್ಲಿ ಮುದ್ದುಹುಡುಗೀ, ನಿನ್ನ ಕಾಲಿಗೆ ಹಗ್ಗ ಬೀಳ್ಲಿ, ನಿನ್ನ ಓಟ ಬತ್ತಿಹೋಗ್ಲಿ.' ಕೊನೆಗೆ ನಾನೇ ಸುಸ್ತಾಗಿ ಹಿಮದಲ್ಲಿ ಕೂತು, 'ಬೆರ್ ಅನ್ನೋಕೆ ನಿಂಗೇನು ಧಾಡಿ?' ಎಂದೆ. ಅವಳು ಕಾಗದದ ಹಿಮ ಒರೆಸಿ, ಹೊಸಿಲಲ್ಲಿದ್ದ ಅಪ್ಪನ ಬೂಟುಗಳ ಕಡೆ ನೋಡಿ, ತೀರಾ ಮೆತ್ತಗೆ ಹೇಳಿದಳು: 'ಮಾವನ ಹೆಸರಲ್ಲಿ ಅದು ಇದೆಯಲ್ಲೇ.'

ನೀನು ರಷ್ಯನ್ ಮಾತಾಡಿ ಮಾತಾಡಿ ನಮ್ಮ ಭಾಷೆ ಮರೆತಿರಬಹುದು, ಬಿಡಿಸಿ ಹೇಳುತ್ತೇನೆ. ಅಪ್ಪ ಬೆರ್ದಿಬಾಯ್. 'ಬೆರ್' ಎಂದರೆ ಕೊಡು. ದೊಡ್ಡಪ್ಪ ತೊಕ್ತೊಸುನ್. 'ತೊಕ್ತೊ' ಎಂದರೆ ನಿಲ್ಲು. ಆಟದಲ್ಲಿ ನಾವು ಕೂಗುವುದೂ ಇವೆರಡನ್ನೇ. ಸೊಸೆಯಾದವಳು ಮಾವಂದಿರ ಹೆಸರು ಹೇಳಬಾರದು, ಆ ಹೆಸರಿನೊಳಗಿನ ಮಾತನ್ನೂ ಹೇಳಬಾರದು. ನಾವು ಆ ಮನೆಯಲ್ಲೇ ಹುಟ್ಟಿದವರು, ನಮ್ಮ ನಾಲಿಗೆಗೆ ಬೀಗವಿಲ್ಲ, ಆದ್ದರಿಂದ ಅವಳ ನಾಲಿಗೆಯ ಬೀಗ ನಮಗೆ ಕಾಣಲಿಲ್ಲ. ನಮ್ಮ ಅಜ್ಜಿ ಗಂಡುಮಕ್ಕಳಿಗೆ ಒಳ್ಳೆಯ ಹೆಸರಿಟ್ಟರು, ಆದರೆ ಮುಂದೊಂದು ದಿನ ಸೊಸೆ ವಾಲಿಬಾಲ್ ಆಡುತ್ತಾಳೆಂದು ಯೋಚಿಸಲಿಲ್ಲ.

ಮರುದಿನ ಕೊಟ್ಟಿಗೆಯಲ್ಲಿ ನಾನು ಇದನ್ನು ಹೇಳಿದಾಗ ಎಲ್ಲರೂ ಮೂಟೆ ಬಿಟ್ಟು ಹತ್ತಿರ ಸರಿದರು. ಆಮೇಲೆ ಕುಮುಷ್ ಮುಖ ಮುಚ್ಚಿಕೊಂಡು ನಗತೊಡಗಿದಳು. ಅವಳ ಮಾವ ಆರ್ತಿಕ್‌ಬಾಯ್, ಹಾಗಾಗಿ 'ಆರ್ತ್ಕಾ', ಅಂದರೆ ಹಿಂದಕ್ಕೆ, ಎನ್ನುವಂತಿಲ್ಲ. ಅದಕ್ಕೇ ಅವಳು ಆಟದಲ್ಲಿ 'ಬಾಲದ ಕಡೆಗೆ, ಬಾಲದ ಕಡೆಗೆ' ಎಂದು ಕೂಗುವುದು. ಅವಳು ಒಡ್ಡೊಡ್ಡಾಗಿ ಮಾತಾಡುತ್ತಾಳೆ ಅಂತ ನಾವು ತಿಳಿದಿದ್ದೆವು. ಒಬ್ಬೊಬ್ಬಳೂ ತನ್ನ ಮನೆಯ ಬೀಗ ಹೇಳಿದಳು, ಇಷ್ಟು ದಿನ ಯಾರೂ ಯಾರಿಗೂ ಹೇಳಿರಲಿಲ್ಲ. ಎಮಿಲ್ ಅಸಾನೋವಿಚ್ ಕನ್ನಡಕ ಒರೆಸುತ್ತಾ, 'ನಮ್ಮನೇಲೂ ಹೀಗೇ ಇರಬೇಕು. ನಮ್ಮಪ್ಪ ಬಂದಾಗ ನನ್ನ ಹೆಂಡತಿ ಸಕ್ಕರೆಗೆ ಬಿಳೀದು ಅಂತಾಳೆ. ಅಪ್ಪನ ಹೆಸರು ಅಸಾನ್-ಶೆಕೆರ್,' ಎಂದರು. ಶೆಕೆರ್ ಎಂದರೆ ಸಕ್ಕರೆ. ಆಮೇಲೆ ಅವರೇ ದಾರಿ ಹುಡುಕಿದರು. ಯಾರ ಬಾಯಿಗೆ ಯಾವ ಮಾತಿಗೆ ಬೀಗವೋ, ಆ ಮಾತನ್ನು ಪಕ್ಕದವಳು ಕೂಗಬೇಕು. ಮದುವೆಯಾಗದ, ನಾಲಿಗೆ ಉದ್ದವಿರುವ ನಾನು ಅತ್ತಿಗೆಯ ಪಕ್ಕಕ್ಕೆ. ಅವಳು ಬೆನ್ನ ಹಿಂದೆ ಅಂಗೈ ಬಿಚ್ಚಿದರೆ 'ಬೆರ್', ಮುಷ್ಟಿ ಕಟ್ಟಿದರೆ 'ತೊಕ್ತೊ'.

ಮಹಿಳಾ ದಿನದಂದು ಪಟ್ಟಣದ ಶಾಲೆಯ ಸಭಾಂಗಣದಲ್ಲಿ ಅದೇ ಡೈರಿಯವರ ಎದುರು ಆಟ. ರೆಫ್ರಿ ಅತ್ತಿಗೆಯ ಮನೆತನದ ಹೆಸರು ಕೇಳಿದ. ಅವಳು ನನ್ನನ್ನು ನೋಡಿದಳು. 'ಬೆರ್ದಿಬಾಯೆವಾ' ಎಂದು ನಾನು ಹೇಳಿದೆ. 'ಇವರಿಗೆ ಮಾತು ಬರಲ್ವಾ?' ಎಂದ. 'ಬರುತ್ತೆ, ಆದ್ರೆ ನಾನು ಅವರ ಧ್ವನಿವರ್ಧಕ,' ಎಂದೆ. ಮೂರನೇ ಸೆಟ್ಟಿನ ಕೊನೆಗೆ ಚೆಂಡು ಗೆರೆಯ ಕಡೆ ಹೋಗುತ್ತಿತ್ತು, ಕುಮುಷ್ ಅದಕ್ಕೆ ಕೈ ಚಾಚಿದ್ದಳು. ಅತ್ತಿಗೆಯ ಮುಷ್ಟಿ ಬಿಗಿಯಿತು. ಕಿಟಕಿಯ ಗಾಜು ಅದುರುವ ಹಾಗೆ 'ತೊಕ್ತೊ' ಎಂದು ಅರಚಿದೆ. ಕುಮುಷ್ ಕೈ ಹಿಂದೆಗೆದಳು, ಚೆಂಡು ಹೊರಗೆ ಬಿತ್ತು. ಅಷ್ಟರಲ್ಲಿ, ಏನೂ ಕೇಳಿಸದ ನಮ್ಮ ದೊಡ್ಡಪ್ಪನಿಗೆ ಅದೊಂದು ಕೇಳಿಸಿ, ಜನದ ನಡುವೆ ಎದ್ದು ನಿಂತು, 'ಏನಮ್ಮಾ, ಕರೆದ್ರಾ?' ಎಂದರು. ಡೈರಿಯವರೂ ಬಿದ್ದು ಬಿದ್ದು ನಕ್ಕರು, ನಗುತ್ತಲೇ ಮುಂದಿನ ಚೆಂಡನ್ನೂ ಬಿಟ್ಟರು. ಗೆದ್ದೆವು. ಬಹುಮಾನ ಚಹಾಕ್ಕೆ ನೀರು ಕಾಯಿಸುವ ಒಂದು ಸಮೋವರ್. ಆರು ಮನೆಗೆ ಸರದಿಯಲ್ಲಿ ಹೋಗುತ್ತಿದೆ. ಬರುವಾಗ ಟ್ರಕ್ಕಿನ ಹಿಂಬದಿಯಲ್ಲಿ ಕುಮುಷ್ ಅತ್ತಿಗೆಯ ಭುಜಕ್ಕೆ ಒರಗಿ ನಿದ್ದೆ ಹೋದಳು, ಅತ್ತಿಗೆ ಊರು ಬರುವ ತನಕ ಭುಜ ಅಲುಗಿಸಲಿಲ್ಲ.

ಇಲ್ಲಿಗೆ ಕ್ರೀಡಾ ವರದಿ ಮುಗಿಯಿತು. ಅಪ್ಪ ಅಮ್ಮನ ಆಶೀರ್ವಾದ, ದೊಡ್ಡಪ್ಪನ 'ಯಾರಿಗೆ ಬರೀತಿದೀಯಾ? ಅವನಿಗೂ ಹೇಳು' ಎಂಬ ಆಶೀರ್ವಾದ, ಅತ್ತಿಗೆಯ ನಮಸ್ಕಾರ. ಮೂಗನ್ನು ಜೋಪಾನ ಮಾಡು.

ಇಂತಿ ನಿನ್ನ ತಲೆನೋವು,
ಜಂಗಿಲ್

ತಾ.ಕ.: ಅಂಚೆಯವನು ಕುದುರೆ ಏರಿಯಾಯಿತು, ಆತುರದಲ್ಲಿ ಗೀಚುತ್ತಿದ್ದೇನೆ. ಕೊಟ್ಟಿಗೆಯಲ್ಲಿ ಎಲ್ಲರೂ ತಮ್ಮ ಬೀಗ ಹೇಳಿ ನಕ್ಕು ಮುಗಿಸಿದ ಮೇಲೆ ಅತ್ತಿಗೆ ಲಂಗಕ್ಕೆ ಅಂಟಿದ ಉಣ್ಣೆ ಹೆಕ್ಕುತ್ತಾ ಹೇಳಿದಳು: 'ಆಟ ಬಿಡಿ. ಅವರ ಲಾರಿ ಹೊರಟಾಗ ದೊಡ್ಡಮಾವನ ಹೆಸರಿನ ಆ ಮಾತು ಗಂಟಲಲ್ಲೇ ಇತ್ತು. ಮಾವ, ದೊಡ್ಡಮಾವ ಇಬ್ಬರೂ ಅಲ್ಲೇ ನಿಂತಿದ್ರು. ಬಾಯಿಗೆ ಬಂದಿದ್ದು, ಟೋಪಿ ಕಿವಿಗೆ ಎಳ್ಕೊಳ್ಳಿ ಅಂತ.' ನಾನು ಇದನ್ನು ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ. ಸಹಿ ಹಾಕಬೇಡ ಅಣ್ಣಾ. ಪಕ್ಕದವಳು ಕೂಗಬೇಕಾದ ಮಾತು, ಕೂಗುತ್ತಿದ್ದೇನೆ: ತೊಕ್ತೊ.